ಮಳೆ ಪುಸ್ತಕ, ಮಾವನ ಮ್ಯಾಪು ಮತ್ತು ಜರ್ಮನಿಯ ಒಂದು ಸೇನಾ ಕಚೇರಿ

ನಮ್ಮ ಮನೆಯ ಜಗಲಿಯಲ್ಲಿ ಮೊಳೆಗೆ ನೇತು ಹಾಕಿದ ಒಂದು ಪುಸ್ತಕ ಇದೆ. ಮಳೆ ಪುಸ್ತಕ. ಬೆಳಿಗ್ಗೆ ಕಾಫಿಗೂ ಮೊದಲು ಅಂಗಳಕ್ಕೆ ಹೋಗಿ, ಗೇಜಿನ ನೀರನ್ನು ಅಳತೆ ಗ್ಲಾಸಿಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ ಬರೆದಿಡುವುದು. ಕೊಡಗಿನ ತೋಟದ ಮನೆಗಳಲ್ಲಿ ಇದು ಹಲ್ಲುಜ್ಜಿದ ಹಾಗೆ, ಯಾರೂ ಹೇಳಿಕೊಡಬೇಕಿಲ್ಲ. ಲೆಕ್ಕ ಇಂಚು ಮತ್ತು ಸೆಂಟಿನಲ್ಲಿ. ನೂರು ಸೆಂಟಿಗೆ ಒಂದು ಇಂಚು. ಮಾರ್ಚಿನಲ್ಲಿ ಕಾಫಿ ಗಿಡ ಹೂ ಬಿಡಲು ಬೇಕಾದ ಹೂಮಳೆ ಬಿದ್ದರೆ ಫೋನಿನಲ್ಲಿ ಮೊದಲ ಪ್ರಶ್ನೆಯೇ "ನಿಮ್ಮಲ್ಲಿ ಎಷ್ಟು ಸೆಂಟು?"

2018ರ ಆಗಸ್ಟಿನ ಪುಟ ತೆಗೆದರೆ ಈಗಲೂ ಕೈ ನಡುಗುತ್ತದೆ. ಆ ವಾರ ಒಂದೇ ದಿನದಲ್ಲಿ ಎರಡು ಸಲ ಗೇಜು ತುಂಬಿತ್ತು. ನಾನು ಎರಡೂ ಸಲ ಖಾಲಿ ಮಾಡಿ, ಕೂಡಿಸಿ, ಚೆಂದವಾಗಿ ಬರೆದಿಟ್ಟಿದ್ದೆ. ಆ ರಾತ್ರಿಯೇ ಮನೆ ಹಿಂದಿನ ಬರೆ, ಅಂದರೆ ಗುಡ್ಡ ಕಡಿದಲ್ಲಿ ನಿಂತ ಕಡಿದಾದ ಮಣ್ಣಿನ ಗೋಡೆ, ಜರಿದು ದನದ ಕೊಟ್ಟಿಗೆ ಅರ್ಧ ಮುಚ್ಚಿ ಹೋಯಿತು. ದನಗಳನ್ನು ಸಂಜೆಯೇ ಬಿಚ್ಚಿ ಮೇಲಿನ ಶೆಡ್ಡಿಗೆ ಕಟ್ಟಿದ್ದರಿಂದ ಉಳಿದವು. ಅತ್ತ ಮಕ್ಕಂದೂರು, ಜೋಡುಪಾಲ, ಮೊಣ್ಣಂಗೇರಿ ಕಡೆ ಗುಡ್ಡಗಳೇ ಜರಿದು ಏನಾಯಿತು ಅಂತ ನಿಮಗೆಲ್ಲಾ ಗೊತ್ತು.

ಮಳೆ ಎಷ್ಟು ಬಿತ್ತು ಅಂತ ನನಗೆ ಸೆಂಟಿನ ಮಟ್ಟಿಗೆ ಗೊತ್ತಿತ್ತು. ಆ ನೀರು ನಮ್ಮ ಗುಡ್ಡದಲ್ಲಿ ಎಲ್ಲಿ ಸೇರುತ್ತದೆ, ಯಾವ ಬರೆ ಎಷ್ಟು ತಡೆಯುತ್ತದೆ ಅಂತ ಮಾತ್ರ ಗೊತ್ತಿರಲಿಲ್ಲ.

ಇದನ್ನು ನನಗೆ ಮೊದಲು ತೋರಿಸಿದ್ದು ಮಾವ. ಸೇನೆಯಲ್ಲಿ ಆರ್ಟಿಲರಿಯಲ್ಲಿ, ಅಂದರೆ ಫಿರಂಗಿ ದಳದಲ್ಲಿದ್ದು ಸುಬೇದಾರ್ ಆಗಿ ನಿವೃತ್ತರಾದವರು. ಬರೆ ಜರಿದ ಮೇಲೆ ಒಂದು ದಿನ ಸರ್ವೆ ಆಫ್ ಇಂಡಿಯಾದ ಟೋಪೋ ಶೀಟ್, ಅಂದರೆ ನೆಲದ ಏರಿಳಿತ ತೋರಿಸುವ ಮ್ಯಾಪು, ತಂದು ಊಟದ ಮೇಜಿನ ಮೇಲೆ ಹರಡಿದರು. ನಮ್ಮ ಮಡಿಕೇರಿ ಕಡೆಯದೆಲ್ಲಾ 48 ಪಿ ಶೀಟಿನ ಭಾಗಗಳಲ್ಲಿ ಬರುತ್ತದೆ. ಇದರಲ್ಲಿ ಒಂದು ಸೆಂಟಿಮೀಟರ್ ಅಂದರೆ ನೆಲದಲ್ಲಿ ಅರ್ಧ ಕಿಲೋಮೀಟರ್, ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಕಂದು ಬಣ್ಣದ ಕಾಂಟೂರ್ ಗೆರೆ ಒಂದರಿಂದ ಇನ್ನೊಂದಕ್ಕೆ 20 ಮೀಟರ್ ಎತ್ತರ. ನಮ್ಮ ಮನೆಯ ಹಿಂದೆ ಗೆರೆಗಳು ಕೂದಲಿನ ಹಾಗೆ ಒತ್ತಿಕೊಂಡಿದ್ದವು. ಒಂದು ಕಡೆ ನಾಲ್ಕೈದು ಗೆರೆಗಳು ಮೇಲ್ಮುಖವಾಗಿ ಮಡಚಿಕೊಂಡಿದ್ದವು. ಮಾವ ಬೆರಳಿಟ್ಟು ಹೇಳಿದರು, "ಇದು ತೋಡು ಮಗ, ನೀರು ಹರಿಯುವ ಸಣ್ಣ ಹಳ್ಳ. ಬೇಸಿಗೆಯಲ್ಲಿ ನಿನಗೆ ಕಾಣುದಿಲ್ಲ, ಮಳೆಗಾಲದಲ್ಲಿ ಇಡೀ ಗುಡ್ಡದ ನೀರು ಇಲ್ಲೇ ಬರ್ತದೆ. ಬಾಯಿಗೆ ಸರಿಯಾಗಿ ನೀವು ಕೊಟ್ಟಿಗೆ ಕಟ್ಟಿದ್ದೀರಿ."

ಸೇನೆಯಲ್ಲಿ ಮ್ಯಾಪಿನ ಜೊತೆ ಹವಾಮಾನವನ್ನೂ ನೋಡುತ್ತಿದ್ದೆವು ಅಂದರು ಮಾವ. ಗನ್ನಿನವರಿಗೆ ಮ್ಯಾಪು ಬೇಕು, ಸರಿ. ಹವಾಮಾನ ಯಾಕೆ ಅಂತ ಕೇಳಿದೆ. ಗುಂಡು ಗಾಳಿಯಲ್ಲಿ ಕಿಲೋಮೀಟರ್‌ಗಟ್ಟಲೆ ಹೋಗಬೇಕಲ್ವಾ, ಮೇಲೆ ಗಾಳಿ ಯಾವ ಕಡೆ ಬೀಸುತ್ತಿದೆ, ಎಷ್ಟು ಚಳಿ, ಗಾಳಿಯ ಒತ್ತಡ ಎಷ್ಟು, ಇದೆಲ್ಲಾ ಲೆಕ್ಕಕ್ಕೆ ಹಿಡಿಯದಿದ್ದರೆ ಗುಂಡು ಬೇರೆಲ್ಲೋ ಬೀಳುತ್ತದೆ, ಅದಕ್ಕೇ ಬಲೂನು ಬಿಟ್ಟು ಮೇಲಿನ ಗಾಳಿ ನೋಡುವ ಪದ್ಧತಿ ಇದೆ ಅಂದರು. ನೆಲ ಮತ್ತು ಆಕಾಶ ಎರಡನ್ನೂ ಒಟ್ಟಿಗೆ ಓದುವುದು ಅವರಿಗೆ ಅಭ್ಯಾಸ.

ಅಣ್ಣನ ಮಗಳು ಜರ್ಮನಿಯ ಬಾನ್‌ನಲ್ಲಿ ಓದುತ್ತಿದ್ದಾಳೆ. ಅವಳ ಹತ್ತಿರ ಮಾತಾಡುವಾಗ ಈ ವಿಷಯ ಬಂತು. ಅವಳು ಹೇಳಿದ್ದು ಕೇಳಿ ನಾನು ಎರಡು ರಾತ್ರಿ ಕೂತು ಓದಿದೆ. ಬಾನ್ ಪಕ್ಕದ ಓಯ್ಸ್‌ಕಿರ್ಶೆನ್ ಅನ್ನುವ ಊರಿನಲ್ಲಿ ಜರ್ಮನ್ ಸೇನೆಯ ಭೂಮಾಹಿತಿ ಕೇಂದ್ರ ಇದೆ. ಮೊದಲು ಅವರಲ್ಲೂ ಮ್ಯಾಪಿನದು ಒಂದು ಕಚೇರಿ, ಹವಾಮಾನದ್ದು ಇನ್ನೊಂದು. 2003ರಲ್ಲಿ ಎರಡನ್ನೂ ಸೇರಿಸಿ ಒಂದು ಮಾಡಿದರು. ಹವಾಮಾನ, ಮಣ್ಣು, ಬಂಡೆ, ನೀರು, ಸಮುದ್ರ, ಸರ್ವೆ ಅಂತ 18 ವಿಷಯಗಳ ಜನ ಒಂದೇ ಸಂಸ್ಥೆಯಲ್ಲಿ ಕೆಲಸ ಮಾಡುತ್ತಾರೆ.

ಸೇನೆಗಳು ಮಾಡುವ ಒಂದು ಬಗೆಯ ಮ್ಯಾಪು ನನಗೆ ತುಂಬಾ ಹಿಡಿಸಿತು. ಯಾವ ನೆಲದ ಮೇಲೆ ಯಾವ ಗಾಡಿ ಹೋಗಬಹುದು ಅಂತ ಹೇಳುವ ಮ್ಯಾಪು. ಇಳಿಜಾರು ಎಷ್ಟು, ಮಣ್ಣು ಎಂಥದ್ದು, ಮರ ಎಷ್ಟು ದಟ್ಟ ಅನ್ನುವುದರ ಮೇಲೆ ಮಳೆಯ ಲೆಕ್ಕವನ್ನೂ ಹಾಕುತ್ತಾರೆ. ಯಾಕೆಂದರೆ ಒಣಗಿದಾಗ ಟ್ಯಾಂಕ್ ಹೊರುವ ಗದ್ದೆ ನಾಲ್ಕು ದಿನ ಮಳೆ ಬಿದ್ದ ಮೇಲೆ ಜೀಪನ್ನೂ ಹೊರುವುದಿಲ್ಲ. ಜುಲೈನಲ್ಲಿ ಚಕ್ರಕ್ಕೆ ಚೈನ್ ಕಟ್ಟಿ ತೋಟದ ದಾರಿ ಹತ್ತಿದವರಿಗೆ ಇದನ್ನು ಬಿಡಿಸಿ ಹೇಳಬೇಕಾ?

ಟ್ಯಾಂಕಿನ ಜಾಗದಲ್ಲಿ ಬರೆಯನ್ನು ಇಟ್ಟು ನೋಡಿ. ನಮಗೆ ಬೇಕಾಗಿರುವುದು ಅದೇ ಮ್ಯಾಪು.

ನಮ್ಮ ದೇಶದಲ್ಲಿ ನೆಲ ಅಳೆಯುವ ಸರ್ವೆ ಆಫ್ ಇಂಡಿಯಾ 1767ರಷ್ಟು ಹಳೆಯದು, ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ ಹುಟ್ಟಿದ್ದು. ಬಂಡೆ ಮಣ್ಣು ನೋಡುವ ಜಿಯಾಲಾಜಿಕಲ್ ಸರ್ವೆ 1851ರದ್ದು. ಹವಾಮಾನ ಇಲಾಖೆ 1875ರದ್ದು. ಮೂರೂ ಬೇರೆ ಬೇರೆ ಮನೆ. 2024ರ ಜುಲೈನಲ್ಲಿ ಜಿಯಾಲಾಜಿಕಲ್ ಸರ್ವೆಯವರು ಕೋಲ್ಕತ್ತಾದಲ್ಲಿ ಭೂಕುಸಿತ ಮುನ್ಸೂಚನೆಗೇ ಒಂದು ಕೇಂದ್ರ ಶುರು ಮಾಡಿದರು. ಅದಾಗಿ ಕೆಲವೇ ದಿನಕ್ಕೆ ನಮ್ಮ ಪಕ್ಕದ ವಯನಾಡಿನಲ್ಲಿ ಗುಡ್ಡ ಜರಿದು ಬಂತು. ಕೆಲಸ ಬೇಗ ನಮ್ಮ ಕಡೆಗೂ ಬರಬೇಕು, ಅದನ್ನು ನಾನು ಕೈ ಮುಗಿದು ಕೇಳುತ್ತೇನೆ.

ಆದರೆ ಒಂದೇ ಸೂರಿನಡಿ ಕೂತರೆ ಎಲ್ಲಾ ಸರಿಯಾಗುತ್ತದೆ ಅಂತ ನಾನು ಹೇಳುತ್ತಿಲ್ಲ. 2021ರ ಜುಲೈನಲ್ಲಿ ಜರ್ಮನಿಯಲ್ಲಿ ಬಂದ ಪ್ರವಾಹದಲ್ಲಿ 180ಕ್ಕೂ ಹೆಚ್ಚು ಜನ ಸತ್ತರು. ಜೋರಾಗಿ ಪೆಟ್ಟು ತಿಂದ ಕಡೆಗಳಲ್ಲಿ ಇದೇ ಓಯ್ಸ್‌ಕಿರ್ಶೆನ್ ಜಿಲ್ಲೆಯೂ ಒಂದು. ಅಲ್ಲಿಯ ಜನರಿಗೆ ಹವಾಮಾನ ಹೇಳುವುದು ಬೇರೆ ಇಲಾಖೆ, ಸೇನೆಯ ಕೇಂದ್ರ ಇರುವುದು ಸೇನೆಗೆ. ಮಳೆ ಜೋರು ಅಂತ ಮೊದಲೇ ಎಚ್ಚರಿಕೆ ಬಂದಿತ್ತು. ಆದರೂ ಎಷ್ಟೋ ಮನೆಗಳ ಬಾಗಿಲಿಗೆ ಅದು ಸಮಯಕ್ಕೆ ಮುಟ್ಟಲಿಲ್ಲ. ಇದನ್ನು ಓದಿದ ದಿನ ನನಗೆ ಮಾತೇ ಹೊರಡಲಿಲ್ಲ.

ಸೇನೆಯ ಮಾಹಿತಿ ಎಲ್ಲಾ ಬೀಗದೊಳಗೇ ಇರುತ್ತದೆ ಅಂದುಕೊಂಡಿದ್ದೆ, ಅದೂ ಪೂರ್ತಿ ನಿಜ ಅಲ್ಲ. 2000ದ ಫೆಬ್ರವರಿಯಲ್ಲಿ ಅಮೆರಿಕದ ಎಂಡೆವರ್ ಬಾಹ್ಯಾಕಾಶ ನೌಕೆ 11 ದಿನ ಭೂಮಿ ಸುತ್ತಿ ರೇಡಾರ್‌ನಿಂದ ಜಗತ್ತಿನ ಬಹುಪಾಲು ನೆಲದ ಎತ್ತರ ಅಳೆಯಿತು. ನಾಸಾದ ಜೊತೆ ಅಮೆರಿಕದ ರಕ್ಷಣಾ ಇಲಾಖೆಯ ಮ್ಯಾಪು ಸಂಸ್ಥೆಯೂ ಸೇರಿ ಮಾಡಿದ ಕೆಲಸ ಅದು. ಆ ಎತ್ತರದ ಲೆಕ್ಕ 30 ಮೀಟರಿಗೊಂದು ಚುಕ್ಕೆಯಂತೆ ಈಗ ಯಾರಿಗೆ ಬೇಕಾದರೂ ಸುಮ್ನೆ ಸಿಗುತ್ತದೆ. ಅಣ್ಣನ ಮಗಳು ನಮ್ಮ ಗುಡ್ಡವನ್ನು ಅದರಲ್ಲಿ ತೆಗೆದು ಕಳಿಸಿದಳು. ಮಾವ ತೋರಿಸಿದ ತೋಡು ಅಲ್ಲೂ ಕಂಡಿತು. ಜೆಸಿಬಿಯಲ್ಲಿ ನಾವೇ ಕಡಿದ ಬರೆ ಮಾತ್ರ ಕಾಣಲಿಲ್ಲ, 30 ಮೀಟರಿನ ಚುಕ್ಕೆಗೆ ಅಷ್ಟು ಸಣ್ಣದು ಸಿಗುವುದಿಲ್ಲ. ಅದನ್ನು ಅಳೆಯಲು ಮಾವ ಮತ್ತು ನಾನು ಟೇಪು ಹಿಡಿದು ಹೋದೆವು.

ಈಗ ಮಳೆ ಪುಸ್ತಕದಲ್ಲಿ ಒಂದು ಗೆರೆ ಜಾಸ್ತಿ ಎಳೆದಿದ್ದೇನೆ. ದಿನದ ಮಳೆಯ ಪಕ್ಕದಲ್ಲಿ ಹಿಂದಿನ ಮೂರು ದಿನದ ಒಟ್ಟು. ಅದರ ಪಕ್ಕ ತೋಡಿನ ನೀರು ತಿಳಿಯಾ, ಕೆಂಪಾ, ಬರೆಯಲ್ಲಿ ಹೊಸ ಬಿರುಕು ಇದೆಯಾ. ಶೀಟಿನ ಜೆರಾಕ್ಸ್ ಮೇಲೆ ಮಾವ ಕೆಂಪು ಪೆನ್ನಿನಲ್ಲಿ ನೀರಿನ ದಾರಿ ಬರೆದು ಪುಸ್ತಕದ ಹಿಂದಿನ ರಟ್ಟಿಗೆ ಅಂಟಿಸಿದ್ದಾರೆ. ಕೊಟ್ಟಿಗೆಯನ್ನು ಬೇರೆ ಕಡೆ ಕಟ್ಟಿದ್ದೇವೆ.

ನಿಮ್ಮ ಮನೆಯಲ್ಲೂ ಅಜ್ಜನ ಕಾಲದ ಮಳೆ ಪುಸ್ತಕ ಇದ್ದರೆ ದಯವಿಟ್ಟು ಗೆದ್ದಲಿಗೆ ಕೊಡಬೇಡಿ. 2018ರ ಆಗಸ್ಟಿನ ಪುಟದ ಫೋಟೋ ತೆಗೆದು, ನಿಮ್ಮ ಊರು, ಹತ್ತಿರದ ತೋಡು, ಯಾವ ದಿನ ಎಲ್ಲಿ ಜರಿಯಿತು ಅಂತ ಬರೆದು ನನಗೆ ಕಳಿಸಿ. ಮಾವ ಇನ್ನೂ ನಾಲ್ಕು ಶೀಟು ಜೆರಾಕ್ಸ್ ಮಾಡಿಸಿ ಇಟ್ಟಿದ್ದಾರೆ.