ಪತ್ರ ಬಂದಿದೆಯಂತೆ, ಇನ್ನು ನೀರು ಬರಲ್ಲವಂತೆ

2025 ಜೂನ್ 5, ಗುರುವಾರ
ಕೇಟಿ, ಟೆಕ್ಸಸ್

"ಝೋನ್ ಎಕ್ಸ್ ಅಂದ್ರೆ ನೀರು ಬರಲ್ಲ ಅಂತ ತಾನೆ?"

ಸಂಜೆ ವಾಕಿಂಗ್‌ನಲ್ಲಿ ನನ್ನ ಗೆಳತಿ, ಹರಿಹರದವಳು, ಕೇಳಿದ್ದು ಇಷ್ಟೇ. ಫೀಮಾ ಅಂದರೆ ಅಮೆರಿಕದ ಕೇಂದ್ರ ಸರ್ಕಾರದ ವಿಪತ್ತು ನಿರ್ವಹಣೆ ಸಂಸ್ಥೆ. ಅದು ಮಾಡುವ ನೆರೆ ನಕ್ಷೆಯಲ್ಲಿನ ಒಂದು ಗುರುತು ಈ ಎಕ್ಸ್. ರಾತ್ರಿ ಹನ್ನೊಂದಾಯ್ತು, ಪ್ರಶ್ನೆ ಇನ್ನೂ ತಲೆಯಿಂದ ಇಳಿದಿಲ್ಲ.

ಅವಳೂ ಗಂಡನೂ ಮನೆ ನೋಡ್ತಾ ಇದ್ದಾರೆ. ಈಗ ಒಂದು ಇಷ್ಟ ಆಗಿದೆ. ಊರಿನ ಉತ್ತರಕ್ಕೆ, ಮೊದಲು ಭತ್ತದ ಗದ್ದೆ ಇದ್ದ ಜಾಗ. ನಮ್ಮ ಕೇಟಿ ಪೂರ್ತಿ ಭತ್ತದ ಊರೇ ಆಗಿತ್ತು. ಭತ್ತ ಒಣಗಿಸುತ್ತಿದ್ದ ಎತ್ತರದ ಕಟ್ಟಡಗಳು ಹಳೆ ಪೇಟೆಯ ಹತ್ತಿರ ಈಗಲೂ ನಿಂತಿವೆ. ಭತ್ತ ಬೆಳೀತಿದ್ರು ಅಂದ್ರೆ ನೀರು ನಿಲ್ಲುವ ಸಮತಟ್ಟು ನೆಲ, ಕೆಳಗೆ ಜೇಡಿಮಣ್ಣು. ಹೊನ್ನಾಳಿಯಲ್ಲಿ ಬೆಳೆದ ನನಗೆ ಅಷ್ಟು ಕೇಳಿದರೆ ಸಾಕು, ಉಳಿದದ್ದು ಅಂದಾಜಾಗುತ್ತೆ. ಆದರೆ ಮನೆ ಮಾರುವ ಆಫೀಸಿನಲ್ಲಿ ಅವರಿಗೆ ಹೇಳಿದ್ದೇ ಬೇರೆ. "ಈ ಸೈಟು ಮೊದಲು ಝೋನ್ ಎಇ ಇತ್ತು. ಮಣ್ಣು ತುಂಬಿ ಎತ್ತರ ಮಾಡಿದ್ದೀವಿ. ಫೀಮಾದಿಂದ ಪತ್ರ ಬಂದಿದೆ. ಈಗ ಎಕ್ಸ್. ಫ್ಲಡ್ ಇನ್ಶೂರೆನ್ಸ್ ಬೇಕಾಗಿಲ್ಲ."

ಇದರಲ್ಲಿ ಒಂದು ಮಾತೂ ಸುಳ್ಳಲ್ಲ. ನನಗೆ ಕಷ್ಟ ಆಗಿದ್ದೇ ಅದು.

ಆ ಪತ್ರ ಬರಬೇಕಾದರೆ ಹಿಂದೆ ಒಂದು ಫೈಲ್ ಹೋಗಿರುತ್ತೆ. ಅಂಥ ಫೈಲ್ ಕಟ್ಟುವುದೇ ನನ್ನ ಹೊಟ್ಟೆಪಾಡು. ಅವಳಿಗೆ ಅದು ಗೊತ್ತು, ಅದಕ್ಕೇ ನನ್ನನ್ನು ಕೇಳಿದಳು. ಅವಳು ನೋಡಿದ ಬಡಾವಣೆಯ ಫೈಲ್ ನಾವು ಮಾಡಿದ್ದಲ್ಲ. ಯಾರು ಮಾಡಿದರೂ ದಾರಿ ಒಂದೇ.

ಇಲ್ಲ ಕಣೇ, ಅದರ ಅರ್ಥ ಅದಲ್ಲ ಅಂದೆ. ಎಇ ಅಂದರೆ ಯಾವುದೇ ವರ್ಷದಲ್ಲಿ ನೆರೆ ಬರುವ ಸಾಧ್ಯತೆ ನೂರಕ್ಕೆ ಒಂದು, ಅಥವಾ ಅದಕ್ಕಿಂತ ಜಾಸ್ತಿ ಇರೋ ಜಾಗ. ನೂರಕ್ಕೆ ಒಂದು ಅಂದರೆ ಎಲ್ಲರೂ ಸುಮ್ಮನಾಗುತ್ತಾರೆ. 30 ವರ್ಷದ ಸಾಲದ ಅವಧಿಗೆ ಕೂಡಿಸಿ ನೋಡಿದರೆ ಅದು ಸುಮಾರು 26 ಪರ್ಸೆಂಟ್. ಮಣ್ಣು ತುಂಬಿ ಆ ಲೆಕ್ಕದ ನೀರಿನ ಮಟ್ಟಕ್ಕಿಂತ ಮೇಲೆತ್ತಿ, ಅಳತೆ ಕಳಿಸಿ, ಫೀಮಾದವರು ಒಪ್ಪಿದರೆ, ನಕ್ಷೆಯಲ್ಲಿ ಎಇ ಜಾಗದ ಸುತ್ತ ಎಳೆದ ಗೆರೆಯಿಂದ ಸೈಟು ಆಚೆ, ಅಂದರೆ ಎಕ್ಸ್. ಆಗ ಬ್ಯಾಂಕು ಇನ್ಶೂರೆನ್ಸ್ ಕೇಳಲೇಬೇಕು ಅನ್ನುವ ಕಾನೂನಿನ ಕಟ್ಟು ಇರಲ್ಲ. ಪತ್ರದಿಂದ ಆಗೋದು ಇಷ್ಟೇ. ಗೆರೆಯಿಂದ ಆಚೆ ಹೋಗಿದ್ದು ಒಂದು ಅಡಿಯೋ, ಒಂದು ಇಂಚೋ, ಪತ್ರದ ಮೇಲಿನ ಸಾಲು ನೋಡಿದರೆ ತಿಳಿಯಲ್ಲ.

"ಗೆರೆ ಸರಿಯಾಗಿದ್ರೆ ಸಾಕಲ್ವಾ?"

ಗೆರೆ ಯಾವ ಮಳೆಗೆ ಹಾಕಿದ್ದು ಅಂತ ಕೇಳಬೇಕು. ಇವತ್ತು ಜೂನ್ 5. 2001ರಲ್ಲಿ ಇದೇ ದಿನ ಆಲಿಸನ್ ಚಂಡಮಾರುತ ಫ್ರೀಪೋರ್ಟ್ ಹತ್ತಿರ ದಡ ಮುಟ್ಟಿತು. ಗಾಳಿ ದೊಡ್ಡದಿರಲಿಲ್ಲ, ಅದಕ್ಕೆ ಹರಿಕೇನ್ ಅನ್ನುವ ಪಟ್ಟವೂ ಸಿಗಲಿಲ್ಲ. ಆದರೆ ಮೇಲಕ್ಕೆ ಹೋಗಿ, ತಿರುಗಿ ಬಂದು, ಮತ್ತೆ ಹ್ಯೂಸ್ಟನ್ ಮೇಲೇ ಸುರಿಯಿತು. ಹ್ಯೂಸ್ಟನ್ ಇರುವ ಹ್ಯಾರಿಸ್ ಕೌಂಟಿಯಲ್ಲಿ 70 ಸಾವಿರಕ್ಕೂ ಜಾಸ್ತಿ ಮನೆಗೆ ನೀರು. ಮೆಡಿಕಲ್ ಸೆಂಟರ್ ಆಸ್ಪತ್ರೆಗಳ ನೆಲಮಾಳಿಗೆ ತುಂಬಿ ಕರೆಂಟ್ ಹೋಯಿತು. ಆ ಪೆಟ್ಟಿನ ಮೇಲೆ ಇಡೀ ಕೌಂಟಿಯ ನಕ್ಷೆ ಹೊಸದಾಗಿ ಮಾಡಿದರು. ಅದು ಜಾರಿಗೆ ಬಂದಿದ್ದು 2007ರ ಜೂನ್‌ನಲ್ಲಿ. ಆಮೇಲೆ 2018ರಲ್ಲಿ ಹವಾಮಾನ ಇಲಾಖೆ ಮಳೆಯ ಅಂಕಿಗಳನ್ನೇ ತಿದ್ದಿತು. ಹ್ಯೂಸ್ಟನ್‌ನಲ್ಲಿ ನೂರು ವರ್ಷದ ಮಳೆ ಅಂತ ಹೇಳುತ್ತಿದ್ದದ್ದು ಒಂದು ದಿನಕ್ಕೆ ಸುಮಾರು 13 ಇಂಚು. ಹೊಸ ಲೆಕ್ಕದಲ್ಲಿ 18 ಇಂಚು. ಈಗ ಮಳೆನೀರು ಹಿಡಿದಿಡುವ ಕೊಳ, ನೀರು ಹರಿಯುವ ಚಾನೆಲ್ಲು, ಮನೆಯ ನೆಲದ ಎತ್ತರ, ಇವಕ್ಕೆಲ್ಲಾ ಇಲ್ಲಿನ ನಿಯಮ ಬಿಗಿಯಾಗಿದೆ, ಅದು ನಿಜ. ಆದರೆ ನಾವು ಫೀಮಾಕ್ಕೆ ಕಳಿಸುವ ಲೆಕ್ಕ ಜಾರಿಯಲ್ಲಿರುವ ನಕ್ಷೆಯ ಹಳೆ ಹರಿವಿನ ಮೇಲೇ ನಿಂತಿರುತ್ತೆ. ಅವಳು ಫೋನಿನಲ್ಲಿ ತೆರೆದು ತೋರಿಸಿದ ಗೆರೆ ಆ ಕಾಲದ ಮಳೆಯದು.

ಸ್ವಲ್ಪ ಹೊತ್ತು ಸುಮ್ಮನೆ ನಡೆದಳು. ಆಮೇಲೆ ಕೇಳಿದಳು. "ಹಾಗಾದ್ರೆ ನೀವೆಲ್ಲಾ ಕಳಿಸೋ ಡೇಟಾ ಸುಳ್ಳಾ?"

ಆ ಮಾತು ನಾಟಿತು. ಅವಳ ಮೇಲೆ ಸಿಟ್ಟೇನಿಲ್ಲ. ಆದರೆ ಅಲ್ಲೇ ನಿಂತು ಹೇಳದೆ ಇರಲು ಆಗಲಿಲ್ಲ.

ಸುಳ್ಳಲ್ಲ. ಮೊದಲು ನೀರು ಎಷ್ಟು ಏರುತ್ತೆ ಅಂತ ಲೆಕ್ಕ ಹಾಕಿದ, ಸರ್ಕಾರದ ಹತ್ತಿರ ಇರೋ ಹಳೆ ಕಂಪ್ಯೂಟರ್ ಮಾಡೆಲ್ ತರಿಸಿ, ನಮ್ಮ ಕಂಪ್ಯೂಟರಿನಲ್ಲೂ ಅದೇ ಉತ್ತರ ಬರುತ್ತಾ ಅಂತ ನೋಡುತ್ತೇವೆ. ಅದರಲ್ಲಿ ಬಿಟ್ಟುಹೋದ ಕಲ್ವರ್ಟು, ತಪ್ಪಾದ ಅಡ್ಡಕೊಯ್ತ ಸರಿ ಮಾಡುತ್ತೇವೆ. ಆಮೇಲೆ ಕೆಲಸ ಶುರುವಾಗುವ ಮುಂಚಿನ ನೆಲ ಹಾಕುತ್ತೇವೆ. ಕೊನೆಗೆ ಕೆಲಸ ಮುಗಿದ ಮೇಲಿನ ನೆಲ, ನಕ್ಷೆಯಲ್ಲಿ ಬರೆದದ್ದಲ್ಲ, ಸರ್ವೆಯವರು ಹೋಗಿ ಅಳೆದು ತಂದದ್ದು. ನಾವು ಲೆಕ್ಕ ಹಾಕಿದ ಚಾನೆಲ್ ತುಂಡಿನ ಮೇಲೂ ಕೆಳಗೂ ಉತ್ತರ ಹಳೆ ಲೆಕ್ಕಕ್ಕೆ ಅರ್ಧ ಅಡಿಯೊಳಗೆ ಕೂಡಬೇಕು. ಲೈಸೆನ್ಸ್ ಇರೋ ಎಂಜಿನಿಯರ್ ಸೀಲ್ ಹಾಕಬೇಕು, ಕೌಂಟಿಯವರು ಸಹಿ ಮಾಡಬೇಕು. ಯಾರದೋ ಜಮೀನಿನಲ್ಲಿ ನೀರಿನ ಮಟ್ಟ ಏರುವ ಹಾಗಿದ್ದರೆ ಅವರಿಗೆ ನೋಟಿಸು ಹೋಗಬೇಕು. ಮಣ್ಣು ತುಂಬಿದಷ್ಟು ಜಾಗವನ್ನು ಬೇರೆ ಕಡೆ ತೋಡಿ ನೀರಿಗೆ ಬಿಡಬೇಕು. ನೀರು ಅಂಕಿ ನೋಡಿ ಹರಿಯಲ್ಲ, ನೆಲ ನೋಡಿ ಹರಿಯುತ್ತೆ. ಅದಕ್ಕೇ ಇಷ್ಟೆಲ್ಲಾ. ಈ ಕೆಲಸದ ಮೇಲೆ ನನಗೆ ಗೌರವ ಇದೆ. ಇದು ಇಲ್ಲದ ಕಡೆ ಏನಾಗುತ್ತೆ ಅಂತ ಚೆನ್ನಾಗಿ ಗೊತ್ತು.

ಸುಳ್ಳು ಇರೋದು ಡೇಟಾದಲ್ಲಲ್ಲ. ಅದನ್ನು ಮನೆ ಕೊಳ್ಳುವವರಿಗೆ ಹೇಳುವಾಗ ಅರ್ಧ ಮಾತು ಉದುರಿಹೋಗುತ್ತಲ್ಲ, ಅಲ್ಲಿ.

ಈಗ ನನ್ನ ಮೇಜಿನ ಮೇಲಿರೋ ಫೈಲ್ ವಿಷಯ. ಚಾನೆಲ್ ಅಗಲ ಮಾಡಿದ ಕೆಲಸ. ಸರ್ವೆ ಬಂದಿದೆ, ಎತ್ತರ ಎಲ್ಲಾ ಒಂದೇ ಸಮ ಕಾಲು ಅಡಿ ಚಿಲ್ಲರೆ ಹೆಚ್ಚು ತೋರಿಸ್ತಿದೆ. ಅಗೆದ ತಳವೂ ಹೆಚ್ಚು, ದಂಡೆಯೂ ಹೆಚ್ಚು, ಯಾರೂ ಮುಟ್ಟದ ಹಳೆ ಸೇತುವೆಯ ಡೆಕ್ ಕೂಡ ಹೆಚ್ಚು. ಸೇತುವೆ ತಾನಾಗಿ ಏಳಲ್ಲ ಅಲ್ವಾ? ಅಂದರೆ ಎತ್ತರ ಎಲ್ಲಿಂದ ಎಣಿಸಬೇಕು ಅಂತ ಅಳತೆಗೆ ಹಿಡಿದ ಆಧಾರವೇ ಬೇರೆ. ನಮ್ಮ ಮಾಡೆಲ್ 2001ರ ಹೊಂದಾಣಿಕೆಯ ಎತ್ತರದಲ್ಲಿದೆ, ಅಂದರೆ ಆ ವರ್ಷ ಎತ್ತರದ ಗುರುತುಗಳನ್ನು ಹೊಸದಾಗಿ ಹೊಂದಿಸಿದ ಆಧಾರದ ಮೇಲೆ. ಸರ್ವೆಯವರು ಜಿಪಿಎಸ್‌ನಿಂದ ಬೇರೆ ಆಧಾರ ಹಿಡಿದಿದ್ದಾರೆ.

ಬೇರೆ ಊರಲ್ಲಿ ಇದು ಸಣ್ಣ ವಿಷಯ ಇರಬಹುದು. ಹ್ಯೂಸ್ಟನ್‌ನಲ್ಲಿ ಅಲ್ಲ. ಇಲ್ಲಿ ನೆಲವೇ ಕುಸಿಯುತ್ತೆ. ಬೋರ್‌ವೆಲ್ ನೀರು ಎಳೆದು ಎಳೆದು ಕೆಳಗಿನ ಜೇಡಿಪದರ ಕುಗ್ಗುತ್ತೆ, ಜೊತೆಗೆ ಎತ್ತರದ ಗುರುತಿಗೆ ನೆಟ್ಟ ಬೆಂಚ್‌ಮಾರ್ಕೂ ಕೆಳಗಿಳಿಯುತ್ತೆ. ಬೇಟೌನ್‌ನಲ್ಲಿ ಬ್ರೌನ್‌ವುಡ್ ಅಂತ ಬಡಾವಣೆ ಇತ್ತು, ಒಳ್ಳೆ ಒಳ್ಳೆ ಮನೆಗಳು. ನೆಲ ಅಡಿಗಟ್ಟಲೆ ಕುಸಿದು ಸಮುದ್ರದ ನೀರು ಪದೇ ಪದೇ ಒಳಗೆ ಬಂತು. 1983ರಲ್ಲಿ ಅಲಿಷಿಯಾ ಚಂಡಮಾರುತ ಬಂದು ಮುಗಿಸಿಬಿಟ್ಟಿತು. ಈಗ ಅಲ್ಲಿ ಹಕ್ಕಿ ನೋಡೋಕೆ ಹೋಗ್ತಾರೆ. ನೆಲ ಕುಸಿತ ತಡೆಯೋಕೆ ಅಂತಲೇ 1975ರಲ್ಲಿ ಒಂದು ಜಿಲ್ಲಾ ಸಂಸ್ಥೆ ಮಾಡಿದರು. ಆ ಕಡೆ ಕುಸಿತ ಬಹುಮಟ್ಟಿಗೆ ನಿಂತಿತು. ನಮ್ಮ ಕೇಟಿ ಕಡೆ ಇನ್ನೂ ಇಳಿಯುತ್ತಲೇ ಇದೆ.

ಹಾಗಾಗಿ ಕಾಲು ಅಡಿ ಅಂದರೆ ಸುಮ್ನೆ ಅಲ್ಲ. ನಮ್ಮ ಫೈಲಿನಲ್ಲಿ ಗೆರೆಗೆ ತಾಗಿಕೊಂಡಿರುವ ಒಂದು ಸಾಲು ಸೈಟುಗಳಿವೆ. ಈ ಎತ್ತರವನ್ನೇ ನಂಬಿದರೆ ಅವು ಆಚೆ. ಸರಿ ಮಾಡಿದರೆ ಕೆಲವು ಒಳಗೇ ಉಳಿಯುತ್ತವೆ. ಲೇಔಟಿನ ಕಡೆಯವರು ಮಧ್ಯಾಹ್ನ ಫೋನಿನಲ್ಲಿ ಅಂದರು. "ಇದ್ದ ಹಾಗೇ ಅಪ್‌ಲೋಡ್ ಮಾಡಿ, ಅವರು ಕೇಳಿದ್ರೆ ಆಮೇಲೆ ನೋಡೋಣ." ಅವರಿಗೂ ಒತ್ತಡ ಇದೆ, ಬಡ್ಡಿ ಓಡ್ತಾ ಇದೆ. ಎಲ್ಲಾ ದಾಖಲೆ ಸರಿ ಇದ್ದರೂ ಪರಿಶೀಲನೆಗೆ 90 ದಿನ. ನೀರಿನ ಮಟ್ಟ ಬದಲಾದರೆ ಪೇಪರಿನಲ್ಲಿ ಪ್ರಕಟಣೆ, ಆಮೇಲೆ ಆಕ್ಷೇಪಣೆಗೆ ಮತ್ತೆ 90 ದಿನ. ಅವರ ಅವಸರ ನನಗೆ ಅರ್ಥ ಆಗುತ್ತೆ. ಆದರೂ ಆಗಲ್ಲ ಅಂದೆ. ಸರ್ವೆಯವರು ಆಧಾರ ಸರಿ ಮಾಡಿ ಮತ್ತೆ ಸಹಿ ಹಾಕಿ ಕೊಡಬೇಕು. ಅಲ್ಲಿಯವರೆಗೆ ಆ ಫೈಲ್ ನನ್ನ ಕೈಯಿಂದ ಹೋಗಲ್ಲ. ಆ ಸಾಲಿನ ಮನೆಗಳಿಗೂ ಯಾರೋ ಬಂದು ಇರ್ತಾರೆ. ಮಂಚದ ಕೆಳಗೆ ಮಕ್ಕಳ ಪುಸ್ತಕದ ಡಬ್ಬ ಇಡ್ತಾರೆ.

ಅಮ್ಮ ಫೋನ್ ಮಾಡಿದ್ದರು, ನಡುವೆ. ಈ ಸಲ ಮಳೆಗಾಲ ಮೇ ಮುಗಿಯೋ ಮೊದಲೇ ಶುರುವಾಯ್ತಲ್ಲ, ಹೊಳೆ ಬಣ್ಣ ತಿರುಗಿದೆಯಂತೆ. ಹೊನ್ನಾಳಿಯಲ್ಲಿ ಜಲ ಆಯೋಗದವರು ತುಂಗಭದ್ರೆಯ ಮಟ್ಟ ಅಳೆಯುವ ಜಾಗ ಇದೆ. ಚಿಕ್ಕವರಿದ್ದಾಗ ಆಷಾಢದಲ್ಲಿ ಸೇತುವೆ ಮೇಲೆ ನಿಂತು ಎಷ್ಟು ಬಂತು ಅಂತ ನೋಡೋದೇ ನಮ್ಮ ಕೆಲಸ. ನೀರು ಎಲ್ಲಿಯವರೆಗೆ ಬರುತ್ತೆ ಅಂತ ಊರಿನ ಹಿರಿಯರಿಗೆಲ್ಲಾ ಗೊತ್ತು. ಆದರೆ ಗೊತ್ತಿರೋದು ಎಲ್ಲೂ ಬರೆದಿಟ್ಟಿಲ್ಲ. ಸೈಟು ಮಾಡುವವರು ಇಲ್ಲಿನ ಹಾಗೆ ಇಂಥ ಫೈಲ್ ಕಟ್ಟಿ ಒಪ್ಪಿಸಬೇಕಾಗಿಲ್ಲ. ನೆರೆ ಬಯಲನ್ನು ಗುರುತು ಮಾಡಿ, ಅಲ್ಲಿ ಏನು ಕಟ್ಟಬಹುದು, ಏನು ಕೂಡದು ಅಂತ ಹೇಳುವ ಮಾದರಿ ಮಸೂದೆಯನ್ನು ಕೇಂದ್ರ 1975ರಲ್ಲೇ ರಾಜ್ಯಗಳಿಗೆ ಕಳಿಸಿತ್ತು. ಮಣಿಪುರದಂಥ ಕೆಲವೇ ರಾಜ್ಯ ಕಾನೂನು ಮಾಡಿದವು. ಕರ್ನಾಟಕ ಮಾಡಲಿಲ್ಲ. ಐವತ್ತು ವರ್ಷ. ಇದನ್ನು ನೆನೆದರೆ ನನಗೆ ನಿಜವಾಗಲೂ ಹೊಟ್ಟೆ ಉರಿಯುತ್ತೆ. ಇಲ್ಲಿ ಕಾಲು ಅಡಿಗೆ ಜಗಳ ಆಡ್ತೀವಿ, ಅಲ್ಲಿ ಹೊಳೆಯ ಮಟ್ಟ ಅಳೆದರೂ ಅದಕ್ಕೆ ಸೈಟಿನ ಎತ್ತರ ತಾಳೆ ನೋಡೋರೇ ಇಲ್ಲ.

ಅನ್ನ ಮಾಡಿ ಸಾರು ಬಿಸಿ ಮಾಡಿದ್ದಷ್ಟೇ ಇವತ್ತು. ಮಗಳು ಮೊಸರನ್ನ ತಿಂದು ಮಲಗಿದಳು.

ಹರಿಹರದವಳಿಗೆ ಹಾರ್ವಿ ಚಂಡಮಾರುತ ನೆನಪಿಲ್ಲ, ಅವರು ಬಂದಿದ್ದೇ ಆಮೇಲೆ. 2017ರ ಆಗಸ್ಟ್‌ನಲ್ಲಿ ಹ್ಯಾರಿಸ್ ಕೌಂಟಿ ಒಂದರಲ್ಲೇ ಒಂದೂವರೆ ಲಕ್ಷಕ್ಕೂ ಜಾಸ್ತಿ ಮನೆಗೆ ನೀರು ನುಗ್ಗಿತು. ಅದರಲ್ಲಿ ಮೂರರಲ್ಲಿ ಎರಡು ಪಾಲು ಮನೆಗಳು ಆ ಗೆರೆಯ ಆಚೆ ಇದ್ದವು. ಬಾರ್ಕರ್ ಜಲಾಶಯದ ಹಿಂದೆ ಫೋರ್ಟ್ ಬೆಂಡ್ ಕೌಂಟಿ ಕಡೆಯ ಮನೆಯವರು ನೆರೆಯ ಆಮೇಲೆ ತಮ್ಮ ಬಡಾವಣೆಯ ಪ್ಲಾಟ್ ನಕ್ಷೆ ತೆಗೆಸಿ ನೋಡಿದರು. ಜಲಾಶಯದ ನೀರು ಇಲ್ಲಿ ತುಂಬಿ ನಿಲ್ಲಬಹುದು ಅಂತ ಸಣ್ಣ ಅಕ್ಷರದಲ್ಲಿ ಮೊದಲೇ ಬರೆದಿತ್ತು. ಫೀಮಾ ನಕ್ಷೆ ಅದನ್ನು ತೋರಿಸುವುದಿಲ್ಲ. ಜಲಾಶಯದ ಹಿಂದಿನ ಆ ನೀರಿಗೆ ಕೇಂದ್ರ ಸರ್ಕಾರದ್ದೇ ಹೊಣೆ ಅಂತ ಕೋರ್ಟು 2019ರಲ್ಲಿ ಹೇಳಿತು. ಅದೇ ವರ್ಷ ಟೆಕ್ಸಸ್‌ನಲ್ಲಿ ಮನೆ ಮಾರುವವರು ನೆರೆಯ ಬಗ್ಗೆ ಇನ್ನೂ ಹೆಚ್ಚು ವಿವರ ಬರೆದು ಕೊಡಬೇಕು ಅಂತ ಕಾನೂನೂ ಬಿಗಿಯಾಯ್ತು. ಆದರೆ ಯಾರೂ ವಾಸ ಮಾಡದ ಹೊಸ ಮನೆಗೆ ಆ ಕಾಗದ ಬೇಡ. ಅವಳು ನೋಡಿದ್ದು ಹೊಸ ಮನೆ.

ಇದನ್ನೆಲ್ಲಾ ಹೇಳಿದೆ. ಮನೆ ತಗೋಬೇಡ ಅನ್ನಲಿಲ್ಲ. ತಗೊಂಡರೆ ಪತ್ರ ಇದ್ದರೂ ಇನ್ಶೂರೆನ್ಸ್ ಮಾಡಿಸು, ಸಹಿ ಹಾಕುವ ದಿನವೇ ಮಾಡಿಸು ಅಂದೆ. ಆಮೇಲೆ ಯಾವಾಗಲೋ ಮಾಡಿಸಿದರೆ 30 ದಿನ ಕಾಯಬೇಕು. ಮೆಕ್ಸಿಕೋ ಕೊಲ್ಲಿಯಲ್ಲಿ ಗಾಳಿ ಎದ್ದ ಸುದ್ದಿ ಬಂದ ಮೇಲೆ ಮಾಡಿಸಿ ಪ್ರಯೋಜನ ಇಲ್ಲ. ಪತ್ರದಲ್ಲಿ ಸೈಟಿನ ಎತ್ತರ ಎಷ್ಟು, ನೀರಿನ ಮಟ್ಟ ಎಷ್ಟು, ಎರಡೂ ಅಂಕಿ ಇರುತ್ತೆ, ಕಳೆದು ನೋಡು. ಪ್ಲಾಟ್ ನಕ್ಷೆಯ ಟಿಪ್ಪಣಿ ಪೂರ್ತಿ ಓದು.

"ಅವರು ಬಜೆಟ್ ಹಾಕಿರೋದು ಇನ್ಶೂರೆನ್ಸ್ ಇಲ್ದೆ" ಅಂದಳು. ಅವಳ ಗಂಡನ ವಿಷಯ. ಆಮೇಲೆ, "ನೀನಾಗಿದ್ರೆ ತಗೋತಿದ್ಯಾ?"

ಆ ಎರಡು ಅಂಕಿ ನೋಡದೆ ಹೇಳಲ್ಲ ಅಂದೆ. ಅವಳಿಗೆ ಬೇಕಿದ್ದ ಉತ್ತರ ಅದಲ್ಲ ಅಂತ ಮುಖ ನೋಡಿದರೇ ಗೊತ್ತಾಯ್ತು. ಆದರೆ ಬೇರೆ ಏನು ಹೇಳಲಿ?

ಈಗ ತಾನೇ ವಾಟ್ಸಾಪ್ ಬಂತು. ಪ್ಲಾಟ್ ನಕ್ಷೆಯ ಫೋಟೊ ಕಳಿಸಿದ್ದಾಳೆ, ಟಿಪ್ಪಣಿಗಳ ಭಾಗ. ಎಡಗಡೆಯ ಸಾಲುಗಳು ಓದೋಕಾಗುತ್ತೆ, ಬಲಗಡೆ ದೊಡ್ಡದು ಮಾಡಿದಷ್ಟೂ ಅಕ್ಷರ ಒಡೆಯುತ್ತೆ. ಬೆಂಚ್‌ಮಾರ್ಕ್ ಅಂತ ಕಾಣಿಸ್ತಿದೆ, ಪಕ್ಕದಲ್ಲಿ ಯಾವ ವರ್ಷದ ಹೊಂದಾಣಿಕೆ ಅನ್ನೋದು ಮಾತ್ರ ಕಾಣ್ತಿಲ್ಲ. ನಾಳೆ ಕೌಂಟಿ ದಾಖಲೆಯಿಂದ ಮೂಲ ಪ್ರತಿ ತೆಗೆದು ನೋಡ್ತೀನಿ ಅಂತ ಬರೆದಿದ್ದೇನೆ. ಅದೂ 2001ರದ್ದೇ ಆಗಿದ್ದರೆ ಸರಿ, ಇಲ್ಲದಿದ್ದರೆ ಪತ್ರದಲ್ಲಿರೋ ಎತ್ತರವನ್ನೂ ಮೊದಲು ಸರಿಹೊಂದಿಸಿ ನೋಡಬೇಕು.