ಆ್ಯಡೂ ಇಲ್ಲ, ಆನ್‌ಲೈನೂ ಇಲ್ಲ, ಆದ್ರೂ ಜೂಡಿಯೋ ಫುಲ್ ರಶ್ಶು

ಭಾನುವಾರ ಜೂಡಿಯೋ ಅನ್ನೋ ಬಟ್ಟೆ ಅಂಗಡಿಗೆ ಹೋಗಿದ್ದೆ, ಟ್ರಯಲ್ ರೂಮ್ ಮುಂದೆ ರೇಷನ್ ಅಂಗಡಿ ಥರ ಕ್ಯೂ. ನಿಂತಲ್ಲೇ ಹೊಳೀತು, ಟಿವೀಲಿ ಇವರದ್ದೊಂದು ಆ್ಯಡ್ ನೋಡಿದ ನೆನಪೇ ಇಲ್ವಲ್ಲ ನಂಗೆ!

ಇದು ಟಾಟಾದವ್ರ ಟ್ರೆಂಟ್ ಕಂಪನೀದು, ಶುರುವಾಗಿದ್ದು ಒಂಥರಾ ನಮ್ಮ ಬೆಂಗಳೂರಲ್ಲೇ. ಟಾಟಾ ಮನೆತನದ ಸಿಮೋನ್ ಟಾಟಾ ಬೆಳೆಸಿದ್ದ ಲ್ಯಾಕ್ಮೆ ಅನ್ನೋ ಮೇಕಪ್ ಬ್ರ್ಯಾಂಡನ್ನ 1998ರಲ್ಲಿ ಹಿಂದೂಸ್ತಾನ್ ಲೀವರ್‌ಗೆ ಮಾರಿದ್ರು, ಆ ದುಡ್ಡಲ್ಲಿ ಬೆಂಗಳೂರಲ್ಲಿದ್ದ ಲಿಟಲ್‌ವುಡ್ಸ್ ಅನ್ನೋ ಇಂಗ್ಲೆಂಡ್ ಕಂಪನಿಯ ಅಂಗಡಿ ತಗೊಂಡು ವೆಸ್ಟ್‌ಸೈಡ್ ಅಂತ ಹೆಸರಿಟ್ರು. ಲಿಪ್‌ಸ್ಟಿಕ್ ಮಾರಿ ಬಟ್ಟೆಗೆ ಇಳಿದ್ರು ಅನ್ನಿ.

ಅಸಲಿ ಆಟ ಇರೋದು ಸ್ವಂತ ಬ್ರ್ಯಾಂಡಲ್ಲಿ. ಬೇರೆಯವರ ಬ್ರ್ಯಾಂಡನ್ನೆಲ್ಲ ತಂದು ತೂಗುಹಾಕಿದ್ರೆ ರೇಟು ಅವರು ಹೇಳಿದ್ದೇ, ಅದೇ ಲೇಬಲ್ ಪಕ್ಕದ ಅಂಗಡೀಲೂ ಸಿಗತ್ತೆ, ಆಮೇಲೆ ಡಿಸ್ಕೌಂಟ್ ಜಗಳ. ವೆಸ್ಟ್‌ಸೈಡಲ್ಲಿ ಹೆಚ್ಚುಕಮ್ಮಿ ಎಲ್ಲಾ ಅವರದ್ದೇ ಲೇಬಲ್ಲು, ಹಾಗಾಗಿ ಡಿಸೈನೂ ರೇಟೂ ಅವರ ಕೈಲೇ. ಇದೇ ಲೆಕ್ಕಾನ 2016ರಲ್ಲಿ ಜೂಡಿಯೋಗೆ ಹಾಕಿ ರೇಟು ಇಳಿಸಿದ್ರು, ಬಟ್ಟೆಗೆ 999 ದಾಟೋದು ಅಪರೂಪ. ಜೂಡಿಯೋ ಆನ್‌ಲೈನಲ್ಲಿ ಮಾರಲ್ಲ, ಅದು ಸರೀನೇ ಅನ್ಸತ್ತೆ, 199ರ ಟೀಶರ್ಟನ್ನ ಮನೆಗೆ ಕಳ್ಸಿ ಸೈಜ್ ಆಗ್ಲಿಲ್ಲ ಅಂತ ವಾಪಸ್ ತರಿಸಿದ್ರೆ ಉಳಿಯೋದೇನು ಮಣ್ಣು?

2024ರ ಮಾರ್ಚಲ್ಲಿ ಜೂಡಿಯೋದ್ದು 545 ಅಂಗಡಿ, ಮುಂದಿನ ಮಾರ್ಚಿಗೆ 765! ಎರಡು ದಿನಕ್ಕೊಂದಕ್ಕಿಂತ ಜಾಸ್ತಿ ಆಯ್ತು ಲೆಕ್ಕ. ತಮಾಷೆ ಅಂದ್ರೆ ಸ್ಪೇನಿನ ದುಬಾರಿ ಬಟ್ಟೆ ಬ್ರ್ಯಾಂಡ್ ಜಾರಾನ 2010ರಲ್ಲಿ ಇಲ್ಲಿಗೆ ತರೋಕೆ ಪಾರ್ಟ್ನರ್ ಆಗಿದ್ದೂ ಇದೇ ಟ್ರೆಂಟು, ಆ ಅಂಗಡಿಗಳು ಇಪ್ಪತ್ತರ ಆಸುಪಾಸಲ್ಲೇ ನಿಂತ್ವು. ದೊಡ್ಡ ಮಾಲ್‌ಗೆ ಬರೋರು ಎಷ್ಟು ಜನ, ತಿಂಗಳ ಕೊನೇಲಿ ಐನೂರು ರೂಪಾಯಿ ಹಿಡ್ಕೊಂಡು ಬಸ್ಸಲ್ಲಿ ಬರೋ ಪಿಯುಸಿ ಹುಡುಗ್ರು ಎಷ್ಟು ಜನ, ನೀವೇ ನೋಡಿ. 2024ರ ಸೆಪ್ಟೆಂಬರಲ್ಲಿ ಟ್ರೆಂಟ್ ಷೇರುಪೇಟೆಯ 50 ದೊಡ್ಡ ಕಂಪನಿಗಳ ಪಟ್ಟಿ ನಿಫ್ಟಿ 50ಕ್ಕೂ ಸೇರ್ತು.

ಬೇಜಾರೂ ಇದೆ. ಗಾದಿ ಮೇಲೆ ಕೂರ್ಸಿ, ಕಾಫಿ ತರ್ಸಿ, ಹತ್ತು ಪೀಸ್ ಬಿಚ್ಚಿ ಹಾಸ್ತಿದ್ದ ಜವಳಿ ಅಂಗಡಿಯವ್ರು ಈ ರೇಟಿಗೆ ಎಲ್ಲಿ ನಿಲ್ತಾರೆ? ಹೀಗೆಲ್ಲಾ ಯೋಚ್ನೆ ಮಾಡ್ತಾ ಕ್ಯೂಲಿ ಮುಂದೆ ನೋಡಿದ್ರೆ, ನಾನು ಕೈಲಿ ಹಿಡ್ಕೊಂಡಿದ್ದ ಶರ್ಟನ್ನೇ ಎದುರಿಗಿದ್ದ ಹುಡುಗ ಮೈಮೇಲೆ ಹಾಕ್ಕೊಂಡು ನಿಂತಿದ್ದಾನೆ. ಅದನ್ನ ವಾಪಸ್ ಇಟ್ಟು ಎರಡು ಜೊತೆ ಸಾಕ್ಸ್ ತಗೊಂಡು ಬಂದೆ.