‘ಇಫ್ ಫಾರ್ಮುಲಾ ಒಂದ್ ಹೇಳಿಬಿಡ್ರಿ ಮೇಡಂ’ ಎನ್ನುವವರಿಗೆ

ಗಂಗಾವತಿಯಲ್ಲಿ 14 ವರ್ಷಗಳಿಂದ ಪ್ರೌಢಶಾಲೆಯ ಮಕ್ಕಳಿಗೂ ಸರ್ಕಾರಿ ನೌಕರಿಯ ಪರೀಕ್ಷೆಗೆ ಓದುವವರಿಗೂ ಇಂಗ್ಲಿಷ್ ವ್ಯಾಕರಣ ಹೇಳಿಕೊಡುತ್ತಿದ್ದೇನೆ. ಇಷ್ಟು ವರ್ಷಗಳಲ್ಲಿ ಅತಿ ಹೆಚ್ಚು ಸಲ ಎದುರಾದ ಪ್ರಶ್ನೆ ಒಂದೇ: “ಮೇಡಂ, ಇಫ್ ಫಾರ್ಮುಲಾ ಒಂದ್ ಹೇಳಿಬಿಡ್ರಿ.” ಅಂದರೆ, ‘ಹೀಗಾದರೆ ಹಾಗಾಗುತ್ತದೆ’ ಎಂಬಂಥ ಷರತ್ತಿನ ವಾಕ್ಯವನ್ನು ಇಂಗ್ಲಿಷಿನಲ್ಲಿ ‘ಇಫ್’ ಹಾಕಿ ಕಟ್ಟುವ ಸೂತ್ರ. ಬಸ್ ನಿಲ್ದಾಣದಲ್ಲಿ ಕೇಳಿದ್ದಾರೆ, ಸಂತೆಯಲ್ಲಿ ಕೇಳಿದ್ದಾರೆ, ಸೋದರತ್ತೆಯ ಮಗಳ ಮದುವೆಯಲ್ಲಿ ಊಟದ ಸಾಲಿನಲ್ಲಿ ಪಕ್ಕಕ್ಕೆ ಕುಳಿತವರು ಎಲೆಗೆ ಅನ್ನ ಬೀಳುವ ಮೊದಲೇ ಕೇಳಿದ್ದಾರೆ. ‘ಹೇಳಿಬಿಡ್ರಿ’ ಎಂಬ ಮಾತಿನಲ್ಲೇ ಇದು ಎರಡು ನಿಮಿಷದ ಕೆಲಸವೆಂಬ ನಂಬಿಕೆ ಇದೆ. ಬಾಯಿಮಾತಿನಲ್ಲಿ ಹೇಳಿ ಹೇಳಿ ನನಗೆ ಸಾಕಾಗಿರುವುದರಿಂದ ಈಗ ಬರೆದಿಡುತ್ತಿದ್ದೇನೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಓದಲು ಕೊಡುತ್ತೇನೆ.

ಫಾರ್ಮುಲಾ ಇದೆ, ನಾನು ಬಚ್ಚಿಟ್ಟುಕೊಂಡಿಲ್ಲ. ಯಾವಾಗಲೂ ನಡೆಯುವ ಸಂಗತಿಗೆ ಎರಡೂ ಕಡೆ ವರ್ತಮಾನ ರೂಪ: ‘ಇಫ್ ಪ್ಯಾಡಿ ಗೆಟ್ಸ್ ವೆಟ್, ಇಟ್ ಸ್ಪ್ರೌಟ್ಸ್.’ ಮುಂದೆ ನಡೆಯಬಹುದಾದ ಸಂಗತಿಗೆ ಇಫ್ ಇರುವ ಕಡೆ ವರ್ತಮಾನ, ಇನ್ನೊಂದು ಕಡೆ ವಿಲ್: ‘ಇಫ್ ದೇ ರಿಲೀಸ್ ವಾಟರ್, ವಿ ವಿಲ್ ಪ್ಲಾಂಟ್.’ ಕಲ್ಪನೆಯ ಸಂಗತಿಗೆ ಇಫ್ ಕಡೆ ಭೂತರೂಪ, ಇನ್ನೊಂದು ಕಡೆ ವುಡ್: ‘ಇಫ್ ಐ ಹ್ಯಾಡ್ ಟೆನ್ ಏಕರ್ಸ್, ಐ ವುಡ್ ಗ್ರೋ ಪ್ಯಾಡಿ.’ ಆಗದೆಯೇ ಕಳೆದುಹೋದ ಸಂಗತಿಗೆ ಇಫ್ ಕಡೆ ಹ್ಯಾಡ್ ಮತ್ತು ಕ್ರಿಯಾಪದದ ಮೂರನೆಯ ರೂಪ, ಇನ್ನೊಂದು ಕಡೆ ವುಡ್ ಹ್ಯಾವ್: ‘ಇಫ್ ದ ರೇನ್ಸ್ ಹ್ಯಾಡ್ ಕಮ್, ವಿ ವುಡ್ ಹ್ಯಾವ್ ಸೋನ್ ದ ಸೀಡ್.’ ಕೇಳಿದ್ದು ಸಿಕ್ಕಿತು ಎನ್ನುವವರು ಇಲ್ಲಿಗೇ ನಿಲ್ಲಿಸಬಹುದು. ಆದರೆ ಹಾಗೆ ಹೋದವರು ವಾರ ಕಳೆಯುವುದರೊಳಗೆ ‘ಇಫ್ ಐ ವಿಲ್ ಗೆಟ್ ಜಾಬ್, ಐ ವುಡ್ ಬಿಲ್ಡ್ ಹೌಸ್’ ಎಂದು ಬರೆದುಕೊಂಡು ಮರಳಿ ಬರುವುದನ್ನು ನಾನು 14 ವರ್ಷ ನೋಡಿದ್ದೇನೆ. ಅವರೆಲ್ಲರಿಗೂ ಫಾರ್ಮುಲಾ ಬಾಯಿಪಾಠವಾಗಿತ್ತು.

ಫಾರ್ಮುಲಾ ಎಂಬ ಪದದ ಮೇಲೆಯೇ ನನಗೆ ಸಿಟ್ಟು. ಗಣಿತದಲ್ಲಿ ಉದ್ದ, ಅಗಲಗಳನ್ನು ಕೊಟ್ಟಿರುತ್ತಾರೆ, ಗುಣಿಸಿದರೆ ಕ್ಷೇತ್ರಫಲ ಬರುತ್ತದೆ. ಮಾತಿನಲ್ಲಿ ಹಾಗೆ ಯಾರೂ ಏನನ್ನೂ ಕೊಟ್ಟಿರುವುದಿಲ್ಲ. ಪರೀಕ್ಷೆಯ ಪತ್ರಿಕೆಯಲ್ಲಿ ವಾಕ್ಯದ ಅರ್ಧ ಭಾಗವನ್ನು ಅಚ್ಚು ಹಾಕಿ, ಉಳಿದ ಅರ್ಧ ತುಂಬಿರಿ ಎನ್ನುತ್ತಾರೆ. ಅಲ್ಲಿ ಫಾರ್ಮುಲಾ ನಡೆಯುತ್ತದೆ, ಏಕೆಂದರೆ ವಾಕ್ಯದ ಅರ್ಥವೇನೆಂದು ಪ್ರಶ್ನೆ ಬರೆದವರು ಆಗಲೇ ತೀರ್ಮಾನಿಸಿರುತ್ತಾರೆ. ನೌಕರಿಯ ಸಂದರ್ಶನದಲ್ಲಿ ಕುಳಿತವನಿಗೆ, ಬೆಂಗಳೂರಿನ ಕಚೇರಿಗೆ ಪತ್ರ ಬರೆಯುವವಳಿಗೆ ಆ ತೀರ್ಮಾನವನ್ನು ಮಾಡಿಕೊಡುವವರು ಯಾರೂ ಇಲ್ಲ. ಎರಡೂ ಅರ್ಧವನ್ನು ತಾವೇ ಕಟ್ಟಬೇಕು.

ಇದರ ಜೊತೆಗೆ ಫಾರ್ಮುಲಾ ಮಾರುವವರು ಸುಳ್ಳನ್ನೂ ಸೇರಿಸಿ ಮಾರುತ್ತಾರೆ. ಒಂದು ತರಬೇತಿ ಕೇಂದ್ರದ ಗೋಡೆಯ ಮೇಲೆ ‘ಇಫ್ ಇದ್ದಲ್ಲಿ ವಿಲ್ ಎಂದೂ ಬರುವುದಿಲ್ಲ’ ಎಂದು ದೊಡ್ಡ ಅಕ್ಷರದಲ್ಲಿ ಬರೆಸಿದ್ದನ್ನು ಕಣ್ಣಾರೆ ನೋಡಿದೆ. ವಿಲ್ ಎಂಬುದು ಬರೀ ಭವಿಷ್ಯದ ಗುರುತಾಗಿದ್ದಾಗ ಆ ಮಾತು ನಿಜ: ನಾಳಿನ ಮಳೆಯ ಬಗ್ಗೆ ‘ಇಫ್ ಇಟ್ ವಿಲ್ ರೇನ್’ ಎನ್ನಬಾರದು, ‘ಇಫ್ ಇಟ್ ರೇನ್ಸ್’ ಎನ್ನಬೇಕು. ಇಫ್ ಕಡೆಯ ಮಾತು ಮಳೆ ಬರುತ್ತದೆಂದು ಭವಿಷ್ಯ ನುಡಿಯುವುದಿಲ್ಲ, ಬಂತೆಂದು ಇಟ್ಟುಕೊಳ್ಳುತ್ತದೆ ಅಷ್ಟೆ. ಭವಿಷ್ಯ ನುಡಿಯುವ ಕೆಲಸ ಇನ್ನೊಂದು ಅರ್ಧದ್ದು, ಆದ್ದರಿಂದ ವಿಲ್ ಅಲ್ಲಿರುತ್ತದೆ. ಆದರೆ ವಿಲ್ ಎಂಬ ಪದಕ್ಕೆ ಒಪ್ಪಿಗೆ, ಮನಸ್ಸು ಎಂಬ ಅರ್ಥವೂ ಇದೆ. ‘ಇಫ್ ಯು ವಿಲ್ ವೇಟ್ ಎ ಮಿನಿಟ್, ಐ ವಿಲ್ ಕಾಲ್ ಹಿಮ್’ ಎಂದರೆ ದಯವಿಟ್ಟು ಒಂದು ನಿಮಿಷ ನಿಲ್ಲುವುದಾದರೆ ಎಂದರ್ಥ. ‘ಇಫ್ ಹಿ ವೋಂಟ್ ಲಿಸನ್’ ಎಂದರೆ ಅವನು ಕೇಳಲು ಒಪ್ಪದಿದ್ದರೆ ಎಂದರ್ಥ. ಎರಡೂ ಶುದ್ಧವಾದ ಇಂಗ್ಲಿಷ್. ಆ ಗೋಡೆಯನ್ನು ನಂಬಿದ ಹುಡುಗರು ಇವನ್ನು ತಪ್ಪೆಂದು ಹೊಡೆದು ಹಾಕಿ, ಸರಿಯಾದುದನ್ನು ತಪ್ಪು ಮಾಡಿಕೊಂಡು ಬರುತ್ತಾರೆ.

ಈ ಪಾಠವನ್ನು ಹೇಗೆ ಹೇಳಿಕೊಡಬೇಕೆಂದು ನನಗೆ ತಿಳಿದದ್ದು 2024ರ ಆಗಸ್ಟ್‌ನಲ್ಲಿ. ಆ ತಿಂಗಳ 10ರ ಶನಿವಾರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದರ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು. ಸುಮಾರು 105 ಟಿಎಂಸಿ ಅಡಿ ಹಿಡಿಯುವ ಜಲಾಶಯ ಅಂದು ತುಂಬಿ ನಿಂತಿತ್ತು. ಮುರಿದ ಜಾಗದ ಮೇಲಿನ ಒತ್ತಡ ಇಳಿಸಲು ಉಳಿದ ಗೇಟುಗಳಿಂದಲೂ ನೀರನ್ನು ನದಿಗೆ ಬಿಡಬೇಕಾಯಿತು. ಎಡದಂಡೆ ಕಾಲುವೆಯ ಮೇಲೆ ಬದುಕಿರುವ ಗಂಗಾವತಿ, ಸಿಂಧನೂರು, ಮಾನ್ವಿ ಕಡೆಯ ಪ್ರತಿ ಮನೆಯಲ್ಲೂ ಆ ವಾರ ಒಂದೇ ಮಾತು: ನಾಟಿ ಮಾಡಿದ್ದಕ್ಕೆ ನೀರು ಸಾಲುತ್ತದೆಯೇ, ಎರಡನೇ ಬೆಳೆಯ ಗತಿ ಏನು.

ಸೋಮವಾರ ತರಗತಿಗೆ ಬಂದ ಮಕ್ಕಳ ಮುಖದಲ್ಲಿ ವ್ಯಾಕರಣ ಕೇಳುವ ಕಳೆ ಇರಲಿಲ್ಲ. ಹಾಗಾದರೆ ಗೇಟಿನ ಬಗ್ಗೆಯೇ ಇಂಗ್ಲಿಷಿನಲ್ಲಿ ಹೇಳಿರೆಂದೆ. ಹಿಂದಿನ ವಾರವಷ್ಟೇ ಫಾರ್ಮುಲಾವನ್ನು ಹಲಗೆಯ ಮೇಲೆ ಬರೆಸಿದ್ದೆ. ಮುಂದಿನ ಬೆಂಚಿನ ಹುಡುಗ ಎದ್ದು ‘ಇಫ್ ದ ಗೇಟ್ ಬ್ರೇಕ್ಸ್, ದ ವಾಟರ್ ವಿಲ್ ಗೋ’ ಎಂದ. ರೂಪದಲ್ಲಿ ಒಂದಕ್ಷರವೂ ತಪ್ಪಿಲ್ಲ. ಆದರೆ ಗೇಟು ಆಗಲೇ ಮುರಿದಿತ್ತು, ನೀರು ಹೋಗುತ್ತಲೇ ಇತ್ತು. ಫಾರ್ಮುಲಾಕ್ಕೆ ಅದು ಗೊತ್ತಾಗುವುದಿಲ್ಲ.

ಆಗ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಕೈಯೆತ್ತಿದಳು. ಕಾಲುವೆಯ ದಂಡೆಯ ಊರಿನವಳು, ಒಂಬತ್ತನೆಯ ತರಗತಿ. “ಮೇಡಂ, ರಾತ್ರಿ ನಮ್ಮಪ್ಪ ಅಂದ, ಮಳಿ ಬಂದ್ರ ಡ್ಯಾಂ ತುಂಬತೈತಿ ಅಂತ. ನಮ್ಮ ದೊಡ್ಡಪ್ಪ ಅಂದ, ಮಳಿ ಬಂದ್ರ ಡ್ಯಾಂ ತುಂಬತಿತ್ತು ಅಂತ. ಇಬ್ರೂ ಹೇಳಿದ್ದು ಒಂದ ಮಳಿ, ಒಂದ ಡ್ಯಾಂ. ಇಂಗ್ಲಿಷ್‌ನಾಗ ಒಂದ ಆಗತೈತೇನ್ರಿ, ಬ್ಯಾರೆ ಬ್ಯಾರೆ ಆಗತೈತೇನ್ರಿ?”

ನನ್ನನ್ನು ಎಲ್ಲರೂ ಕೇಳಬೇಕಾಗಿದ್ದ ಪ್ರಶ್ನೆ ಇದು. ಇಷ್ಟು ವರ್ಷಗಳಲ್ಲಿ ಕೇಳಿದವಳು ಇವಳೊಬ್ಬಳೇ. ಅಪ್ಪ ಇನ್ನೂ ಆಸೆ ಇಟ್ಟುಕೊಂಡಿದ್ದಾನೆ: ‘ಇಫ್ ಇಟ್ ರೇನ್ಸ್, ದ ಡ್ಯಾಮ್ ವಿಲ್ ಫಿಲ್.’ ದೊಡ್ಡಪ್ಪನಿಗೆ ಮಳೆಯ ಮೇಲಿನ ನಂಬಿಕೆ ಹೋಗಿದೆ: ‘ಇಫ್ ಇಟ್ ರೇನ್ಡ್, ದ ಡ್ಯಾಮ್ ವುಡ್ ಫಿಲ್.’ ಇಬ್ಬರೂ ಮಾತನಾಡುತ್ತಿರುವುದು ಮುಂದೆ ಬರಬೇಕಾದ ಮಳೆಯ ಬಗ್ಗೆಯೇ. ಕಾಲ ಬೇರೆಯಲ್ಲ, ಮಳೆ ಬೇರೆಯಲ್ಲ, ಹೇಳುವವನ ಮನಸ್ಸಿನಲ್ಲಿ ಆ ಸಂಗತಿ ಎಷ್ಟು ಹತ್ತಿರವಿದೆ ಎಂಬುದಷ್ಟೇ ಬೇರೆ. ವಿಲ್ ಇರುವುದಕ್ಕೆ ಮೊದಲನೆಯದು, ವುಡ್ ಇರುವುದಕ್ಕೆ ಎರಡನೆಯದು ಎಂದು ನಂಬರು ಹಾಕಿ ನಾವು ಕಲಿಸುವ ಎರಡು ವಿಧಗಳ ನಡುವಿನ ವ್ಯತ್ಯಾಸ ಇದೇ. ಅದನ್ನು ಆ ಮನೆಯ ಇಬ್ಬರು ರೈತರು ಊಟ ಮಾಡುತ್ತ ಒಂದು ಪ್ರತ್ಯಯದಲ್ಲಿ ಹೇಳಿದ್ದರು.

ಅಂದಿನಿಂದ ನಾನು ಹಲಗೆಯ ಮೇಲೆ ಮೊದಲು ಕನ್ನಡ ವಾಕ್ಯ ಬರೆಯುತ್ತೇನೆ. ಕನ್ನಡದಲ್ಲಿ ‘ಬಂದರೆ’ ಎಂಬ ಭಾಗ ಇಬ್ಬರ ಬಾಯಲ್ಲೂ ಬದಲಾಗಲಿಲ್ಲ, ಗುಟ್ಟು ಇರುವುದು ವಾಕ್ಯದ ಕೊನೆಯ ಕ್ರಿಯಾಪದದಲ್ಲಿ: ‘ತುಂಬುತ್ತದೆ’ ಎಂದರೆ ವಿಲ್, ‘ತುಂಬುತ್ತಿತ್ತು’ ಎಂದರೆ ವುಡ್. ಆದ್ದರಿಂದ ಇಫ್ ಕಡೆಯಿಂದ ಆರಂಭಿಸಬೇಡಿ, ವಾಕ್ಯದ ಕೊನೆಯಿಂದ ಆರಂಭಿಸಿ ಎನ್ನುತ್ತೇನೆ. ಹೇಳುವವನು ಅದನ್ನು ನಡೆಯಬಹುದಾದ ಮಾತೆಂದು ನಂಬಿದ್ದಾನೆಯೇ ಎಂಬುದು ಮೊದಲ ಪ್ರಶ್ನೆ. ನಂಬಿಲ್ಲವಾದರೆ, ಅದಕ್ಕೆ ಇನ್ನೂ ಕಾಲವಿದೆಯೇ ಅಥವಾ ಕಾಲ ಮುಗಿದುಹೋಗಿದೆಯೇ ಎಂಬುದು ಎರಡನೆಯದು. ಎರಡನೆಯದನ್ನು ಬಿಡಬಾರದು, ಏಕೆಂದರೆ ಅಲ್ಲಿ ಕನ್ನಡ ನಮ್ಮನ್ನು ಸ್ವಲ್ಪ ಸಡಿಲ ಬಿಡುತ್ತದೆ. ‘ದುಡ್ಡಿದ್ದರೆ ಕೊಡುತ್ತಿದ್ದೆ’ ಎಂದು ಈಗ ಸಾಲ ಕೇಳಲು ಬಂದವನಿಗೂ ಹೇಳುತ್ತೇವೆ, ಹೋದ ವರ್ಷ ಕೇಳಿದವನ ಬಗ್ಗೆಯೂ ಹೇಳುತ್ತೇವೆ. ‘ಇದ್ದಿದ್ದರೆ’ ಎಂದು ಒತ್ತಿ ಹೇಳಿದಾಗ ಮಾತ್ರ ಹಿಂದಿನದು ಖಚಿತವಾಗುತ್ತದೆ. ಇಂಗ್ಲಿಷ್ ಈ ಸಡಿಲವನ್ನು ಒಪ್ಪುವುದಿಲ್ಲ. ಈಗಿನವನಿಗೆ ‘ಇಫ್ ಐ ಹ್ಯಾಡ್ ಮನಿ, ಐ ವುಡ್ ಗಿವ್’, ಹೋದ ವರ್ಷದವನಿಗೆ ‘ಇಫ್ ಐ ಹ್ಯಾಡ್ ಹ್ಯಾಡ್ ಮನಿ, ಐ ವುಡ್ ಹ್ಯಾವ್ ಗಿವನ್.’ ಹ್ಯಾಡ್ ಎರಡು ಸಲ ಬಂದಿರುವುದು ಅಚ್ಚಿನ ತಪ್ಪಲ್ಲ: ಮೊದಲನೆಯದು ಸಹಾಯಕ ಕ್ರಿಯಾಪದ, ಎರಡನೆಯದು ಹ್ಯಾವ್ ಎಂಬ ಮುಖ್ಯ ಕ್ರಿಯಾಪದದ ಮೂರನೆಯ ರೂಪ.

ಹಿಂದಿನ ಕಾರಣಕ್ಕೆ ಇಂದಿನ ಫಲವಿದ್ದರೆ ಎರಡನ್ನೂ ಬೆರೆಸಬಹುದು. ಗೇಟು ಮುರಿದ ಮರುವಾರ ಅದೇ ಹುಡುಗಿ ಬರೆದಳು: ‘ಇಫ್ ದ ಚೈನ್ ಹ್ಯಾಡ್ ನಾಟ್ ಬ್ರೋಕನ್, ಮೈ ಫಾದರ್ ವುಡ್ ಬಿ ಸ್ಲೀಪಿಂಗ್ ವೆಲ್.’ ಚೈನು ತುಂಡಾದದ್ದು ಹಿಂದೆ, ನಿದ್ದೆ ಇಲ್ಲದ್ದು ಈಗ. ಈ ಬೆರಕೆಯನ್ನು ನಾನು ಕಲಿಸಿರಲಿಲ್ಲ. ಅರ್ಥ ಕೈಯಲ್ಲಿದ್ದುದರಿಂದ ರೂಪ ತಾನಾಗಿ ಬಂತು. ಆ ವೇಳೆಗೆ ಮುರಿದ ಜಾಗಕ್ಕೆ ತಾತ್ಕಾಲಿಕ ಗೇಟು ಇಳಿಸಿದ್ದರು. ಮುಂದೆ ಮಳೆಯೂ ಬಂದು ಜಲಾಶಯ ಮತ್ತೆ ತುಂಬಿತು.

‘ಆದರೆ ಕಲ್ಪನೆಗೆ ಭೂತಕಾಲ ಯಾಕ್ರಿ, ಅದು ತಲಿಗೆ ಹೋಗೂದಿಲ್ಲ’ ಎನ್ನುವವರು ಇದ್ದಾರೆ. ಇವರ ಮೇಲೆ ನನಗೆ ಸಿಟ್ಟಿಲ್ಲ, ಇದು ಕೇಳತಕ್ಕ ಮಾತು. ‘ನಾಳೆ ಮಳೆ ಬಂದರೆ’ ಎಂದು ಹೇಳುವಾಗ ‘ಬಂದ’ ಎಂಬ ಭೂತರೂಪ ನಮ್ಮ ಬಾಯಲ್ಲಿಯೇ ಇದೆ. ಹಳಗನ್ನಡದಲ್ಲಿ ‘ಬಂದೊಡೆ’ ಎನ್ನುತ್ತಿದ್ದರು, ಅದೇ ಸವೆದು ‘ಬಂದಡೆ’ಯಾಗಿ ‘ಬಂದರೆ’ಯಾಗಿದೆ. ‘ನಾಳೆ ಮಳೆ ಬಂದೀತು’ ಎಂಬ ಸಂಭಾವನಾರ್ಥದಲ್ಲೂ ಅದೇ ಭೂತರೂಪ ಕುಳಿತಿದೆ. ನಾಳೆಯ ಮಳೆಗೆ ಭೂತರೂಪ ಏಕೆಂದು ನಾವು ಯಾರೂ ನಮ್ಮ ಅವ್ವನನ್ನು ಕೇಳಲಿಲ್ಲ. ವ್ಯತ್ಯಾಸ ಇಷ್ಟೇ: ಕನ್ನಡ ಎಲ್ಲ ಷರತ್ತಿಗೂ ಭೂತರೂಪವನ್ನು ಬಳಸಿದರೆ, ಇಂಗ್ಲಿಷ್ ಮುಂದಿನ ಮಾತಿನಲ್ಲಿ ದೂರವೆನಿಸಿದ ಷರತ್ತಿಗೆ ಮಾತ್ರ ಬಳಸುತ್ತದೆ. ಹೆಸರು ಭೂತಕಾಲವೆಂದಿದ್ದರೂ ಅಲ್ಲಿ ಅದು ಸೂಚಿಸುವುದು ದೂರವನ್ನು. ‘ಇಫ್ ಐ ವರ್ ಯು’ ಎಂಬುದರಲ್ಲಿ ‘ಐ’ ಮುಂದೆ ವಾಸ್ ಬಿಟ್ಟು ವರ್ ಬರುವುದೂ ಇದಕ್ಕೆ ಸೇರಿದ್ದೇ. ಕಲ್ಪನೆಗೆಂದು ಇಂಗ್ಲಿಷಿನಲ್ಲಿ ಹಿಂದೆ ಇದ್ದ ಬೇರೆ ರೂಪಗಳು ಅಳಿದು, ಬಿ ಎಂಬ ಕ್ರಿಯಾಪದದಲ್ಲಿ ಈ ಭೂತರೂಪವೊಂದು ಉಳಿದುಕೊಂಡಿದೆ. ಮಾತಿನಲ್ಲಿ ವಾಸ್ ಎನ್ನುವವರು ಬಹಳ, ಬರಹಕ್ಕೆ ಮತ್ತು ಪರೀಕ್ಷೆಗೆ ವರ್ ಇರಲಿ.

ಕನ್ನಡ ಎಲ್ಲೆಡೆಯೂ ಕೈಹಿಡಿದು ನಡೆಸುತ್ತದೆ ಎಂದು ನಾನು ಹೇಳುವುದಿಲ್ಲ. ಮೂರು ಕಡೆ ಅದೇ ದಾರಿ ತಪ್ಪಿಸುತ್ತದೆ. ‘ಈ ಶ್ರಾವಣ ಬಂದರೆ ಮಗುವಿಗೆ ಮೂರು ವರ್ಷ’ ಎನ್ನುತ್ತೇವೆ. ಶ್ರಾವಣ ಬಂದೇ ಬರುತ್ತದೆ, ಅದರಲ್ಲಿ ಷರತ್ತಿಲ್ಲ. ಇಂಗ್ಲಿಷಿನಲ್ಲಿ ಇದಕ್ಕೆ ವೆನ್ ಬೇಕು. ‘ಇಫ್ ಸಂಡೇ ಕಮ್ಸ್’ ಎಂದು ಬರೆದ ಉತ್ತರ ಪತ್ರಿಕೆಗಳನ್ನು ತಿದ್ದಿದಷ್ಟು ನಾನು ಬೇರೇನನ್ನೂ ತಿದ್ದಿಲ್ಲ. ಎರಡನೆಯದು ‘ಹೊರತು’. ‘ನೀನು ಬಾರದ ಹೊರತು ನಾನು ಹೋಗುವುದಿಲ್ಲ’ ಎಂಬುದು ನಮ್ಮ ಕಿವಿಗೆ ಸಹಜವಾಗಿರುವುದರಿಂದ ‘ಅನ್‌ಲೆಸ್ ಯು ಡೋಂಟ್ ಕಮ್’ ಎಂದು ಬರೆಯುತ್ತಾರೆ. ಅನ್‌ಲೆಸ್ ಎಂಬುದರೊಳಗೆ ನಿಷೇಧ ಆಗಲೇ ಇದೆ, ‘ಅನ್‌ಲೆಸ್ ಯು ಕಮ್’ ಎಂದರೆ ಸಾಕು. ಮೂರನೆಯದು ‘ಬಂದರೂ’. ‘ಮಳೆ ಬಂದರೂ ಹೋದೆವು’ ಎಂಬಲ್ಲಿ ಮಳೆ ನಿಜವಾಗಿ ಬಂದಿತ್ತು, ಅಲ್ಲಿ ಆಲ್‌ದೋ. ‘ಮಳೆ ಬಂದರೂ ಹೋಗುತ್ತೇವೆ’ ಎಂಬಲ್ಲಿ ಬರುತ್ತದೋ ಇಲ್ಲವೋ ಗೊತ್ತಿಲ್ಲ, ಅಲ್ಲಿ ಈವನ್ ಇಫ್.

ಇನ್ನು ‘ಇಫ್ ಹಿ ವುಡ್ ಹ್ಯಾವ್ ಕಮ್’ ಎಂದು ಬರೆಯುವವರಿಗೆ ಒಂದು ಮಾತು. ಅಮೆರಿಕದವರ ಮಾತಿನಲ್ಲಿ ಇದು ಕೇಳಿಬರುವುದುಂಟು, ಅದನ್ನು ಮೊಬೈಲಿನಲ್ಲಿ ಕೇಳಿ ನನಗೆ ಸಾಕ್ಷಿ ತಂದು ತೋರಿಸುವವರೂ ಇದ್ದಾರೆ. ಪರೀಕ್ಷೆಯಲ್ಲಿ ‘ಇಫ್ ಹಿ ಹ್ಯಾಡ್ ಕಮ್’ ಎಂದೇ ಬರೆಯಿರಿ. ಇಫ್ ಬಿಟ್ಟು ‘ಹ್ಯಾಡ್ ಹಿ ಕಮ್’ ಎಂದರೂ ಅದೇ ಅರ್ಥ. ಆ ಹ್ಯಾಡ್ ಮೊದಲಿಗೆ ಬಂದಿದೆ ಎಂದು ಅದನ್ನು ಪ್ರಶ್ನೆಯೆಂದುಕೊಂಡು ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಹಾಕಬೇಡಿ.

ಇಷ್ಟನ್ನು ಊಟದ ಎಲೆಯ ಮುಂದೆ ಹೇಳಲಾಗುವುದಿಲ್ಲ. ಕೇಳುವವರು ಫಾರ್ಮುಲಾ ಕೇಳಬೇಡಿ, ನಿಮಗೆ ಹೇಳಬೇಕಾಗಿರುವ ಒಂದು ವಾಕ್ಯವನ್ನು ಕನ್ನಡದಲ್ಲಿ ಬರೆದುಕೊಂಡು ಬನ್ನಿ. ಸಂಜೆ ಐದರ ಮೇಲೆ ನಾನು ಮನೆಯಲ್ಲಿಯೇ ಇರುತ್ತೇನೆ.